ಹಗೇವಿನ ಮೇಲಿನ ಹಳಿ

ಶಲವಡಿಗೆ ಬಂದು ನೆಲೆಸಿದ ಮೇಲೆ ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ. ‘ಮಿಲಿಟ್ರಿಯೊಳಗ ಇದ್ರಲ್ಲಾ, ಲಡಾಯಿ ನೋಡೀರೇನ್ರಿ?’ ಇಲ್ಲ ಅಂದ ಕೂಡಲೇ ಅವರ ಮುಖ ಸಪ್ಪಗಾಗುತ್ತದೆ. ಮಿಲಿಟರಿಯಲ್ಲಿದ್ದು ಯುದ್ಧ ನೋಡದವನು, ರೈಲ್ವೆಯ ಸಹವಾಸದಲ್ಲಿದ್ದು ಒಂದು ಟಿಕೆಟ್ ಕೊಡಿಸಲಾಗದವನು. ಇಂಥವನಿಂದ ಊರಿಗೇನು ಉಪಯೋಗ ಅಂತ ಅವರು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಮೊನ್ನೆ ನನ್ನ ತಂಗಿಯ ಮಗಳು ಸುಜಾತಾ ರೈಲ್ವೆಗೆ ಜೂನಿಯರ್ ಇಂಜಿನಿಯರ್ ಆಗಿ ಆಯ್ಕೆಯಾದಳು. ಪೇಢೆ ಕೊಡಲು ಬಂದವಳು ಕೇಳಿದಳು: ‘ಮಾಮಾ, ಕೆಲಸಕ್ಕ ಹಾಜರಾಗೂ ಮೊದಲ ಯಾವ ಪುಸ್ತಕ ಓದ್ಲಿ?’ ಪುಸ್ತಕವನ್ನು ಅವರೇ ಕೊಡುತ್ತಾರೆ, ಬೇಡ ಅಂದರೂ ಕೊಡುತ್ತಾರೆ ಅಂದೆ. ಆಮೇಲೆ ನನ್ನ ನೌಕರಿಯ ಒಂದು ದಿನದ ಸಂಗತಿ ಹೇಳಲು ಶುರುಮಾಡಿದೆ. ಅರ್ಧಕ್ಕೇ ನಿಲ್ಲಿಸಿದೆ. ಬರೆದು ಕೊಡ್ತೀನಿ ತಡಿ ಅಂದೆ. ಇದು ಅವಳಿಗೂ ಅವಳಂಥ ಹೊಸಬರಿಗೂ ಬರೆದದ್ದು. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದು ಇದರಲ್ಲಿಲ್ಲ. ಅದು ಪಿಂಚಣಿ ಕಾಗದದಲ್ಲಿದೆ, ಅಲ್ಲಿಯೇ ಇರಲಿ.

ಸೈನ್ಯದಲ್ಲಿ ರೈಲ್ವೆ ಇಂಜಿನಿಯರರ ಒಂದು ದಳ ಇರುತ್ತದೆ ಎಂಬುದೇ ಬಹಳ ಜನಕ್ಕೆ ಗೊತ್ತಿಲ್ಲ. ಹೊತ್ತು ಬಂದರೆ ಸೈನಿಕರೇ ಹಳಿ ಹಾಕಬೇಕು, ಮುರಿದ ಸೇತುವೆ ನಿಲ್ಲಿಸಬೇಕು, ಇಂಜಿನ್ ಓಡಿಸಬೇಕು. ಧಾರವಾಡದಲ್ಲಿ ಕಲಿತು, ತಲೆ ತುಂಬ ಸೂತ್ರ ತುಂಬಿಕೊಂಡು ನಾನು ಆ ದಳಕ್ಕೆ ಹೋದೆ. ಅಲ್ಲಿ ನನ್ನ ಕೈಕೆಳಗೆ ಹವಾಲ್ದಾರ್ ಜಗತ್ ಸಿಂಗ್ ಇದ್ದ. ಕಾಗದದ ಮೇಲೆ ಮಾತ್ರ ಕೈಕೆಳಗೆ.

ಆ ದಳದಲ್ಲಿ ಒಂದು ಕಟ್ಟಳೆ ಇತ್ತು. ಹಳಿ ಸರಿಯಿದೆ ಎಂದು ಯಾರು ಸಹಿ ಮಾಡುತ್ತಾರೋ ಅವರೇ ಮೊದಲ ಇಂಜಿನ್ನಿನಲ್ಲಿ ಡ್ರೈವರನ ಪಕ್ಕ ಕೂರಬೇಕು. ನಾನು ಮೊದಲ ಸಲ ಸಹಿ ಮಾಡಿದ್ದು ಒಂದು ಬೆಟ್ಟದ ಅಂಚಿನಲ್ಲಿ ಹಾಕಿದ ತುಂಡು ಹಳಿಗೆ. ಅಳತೆಪಟ್ಟಿ ಹಿಡಿದು, ಬಗ್ಗಿ ಬಗ್ಗಿ ನೋಡಿ, ಎಲ್ಲ ಸರಿ ಅಂತ ಬರೆದು ಪೆನ್ನು ಕಿಸೆಗಿಟ್ಟೆ. ಜಗತ್ ಸಿಂಗ್ ಸುತ್ತಿಗೆ ತೆಗೆದುಕೊಂಡು ಹಳಿಯ ಜೋಡಣೆಗಳನ್ನು ಒಂದೊಂದೇ ತಟ್ಟುತ್ತ ಬಂದ. ಒಂದು ಕಡೆ ನಿಂತು ‘ಕೇಳಿಸಿತೇ ಸಾಬ್?’ ಅಂದ. ಏನೂ ಕೇಳಿಸಲಿಲ್ಲ. ಮತ್ತೆ ತಟ್ಟಿದ. ಮೂರನೆಯ ಸಲ ನನಗೂ ಗೊತ್ತಾಯಿತು. ಉಳಿದವೆಲ್ಲ ಗಂಟೆಯ ಹಾಗೆ ನುಡಿಯುತ್ತಿದ್ದವು, ಅದೊಂದು ಮಾತ್ರ ಒಡೆದ ಗಡಿಗೆ ತಟ್ಟಿದ ಹಾಗೆ ಸತ್ತ ದನಿ ಕೊಡುತ್ತಿತ್ತು. ಬೋಲ್ಟು ಬಿಚ್ಚಿ ಎರಡು ಹಳಿ ಜೋಡಿಸುವ ಕಬ್ಬಿಣದ ಪಟ್ಟಿ ತೆಗೆದರೆ ಒಳಮಗ್ಗುಲಿಗೆ ಕೂದಲೆಳೆಯಷ್ಟು ಬಿರುಕು.

ಇನ್ನು ಅರ್ಧ ತಾಸಿಗೆ ನಾನು ಅದರ ಮೇಲೆ ಹೋಗುವವನಿದ್ದೆ. ಅವನು ಯಾರಿಗೂ ಏನೂ ಹೇಳಲಿಲ್ಲ, ಪಟ್ಟಿ ಬದಲಿಸಿ ಬೀಡಿ ಹಚ್ಚಿದ. ನಾನು ಆ ಸುತ್ತಿಗೆಯನ್ನು ನೋಡುತ್ತ ನಿಂತುಬಿಟ್ಟೆ. ಕಬ್ಬಿಣಕ್ಕೆ ಇಷ್ಟು ದನಿಗಳಿವೆಯೇ, ಅದಕ್ಕೆ ಕಿವಿಗೊಟ್ಟು ಕಲಿತ ಮನುಷ್ಯನೊಬ್ಬ ನನಗೆ ಸಲ್ಯೂಟ್ ಹೊಡೆಯುತ್ತಾನೆಯೇ ಎಂದು ಬೆರಗಾಯಿತು. ಆ ಬೆರಗು ಇವತ್ತಿಗೂ ಇಳಿದಿಲ್ಲ.

ಸೈನ್ಯ ಬಿಟ್ಟ ಮೇಲೆ ಸರ್ಕಾರದ ನೌಕರಿಗೆ ಬಂದೆ. ಹೊಸ ಹಳಿ ಹಾಕುವವರು ಬೇರೆ, ಅದನ್ನು ಪರೀಕ್ಷಿಸಿ ಇದರ ಮೇಲೆ ಜನರನ್ನು ಒಯ್ಯಬಹುದು ಎಂದು ಒಪ್ಪಿಗೆ ಕೊಡುವವರು ಬೇರೆ. ನಾನು ಎರಡನೆಯವರ ಗುಂಪು. ಈ ಕೆಲಸದವರನ್ನು ಯಾರೂ ಪ್ರೀತಿಯಿಂದ ಬರಮಾಡಿಕೊಳ್ಳುವುದಿಲ್ಲ. ಚಹಾ ಮಾತ್ರ ಒಳ್ಳೆಯದು ಕೊಡುತ್ತಾರೆ.

ನನ್ನ ಮೊದಲ ಮೇಲಧಿಕಾರಿ ಕುಲಕರ್ಣಿ ಸಾಹೇಬರು. ಧಾರವಾಡದವರೇ. ಕೆಂಪು ಪೆನ್ಸಿಲ್ ಇಲ್ಲದೆ ಅವರನ್ನು ನಾನು ನೋಡಿಯೇ ಇಲ್ಲ. ನನ್ನ ಮೊದಲ ವರದಿಯಲ್ಲಿ ‘ನೆಲದ ಸ್ಥಿತಿ ತೃಪ್ತಿಕರವಾಗಿದೆ’ ಎಂದು ಬರೆದಿದ್ದೆ. ಕರೆಸಿದರು.

‘ಯಾರಿಗ ತೃಪ್ತಿ ಆತು? ನೆಲಕ್ಕೋ, ನಿನಗೋ?’

ಕೆಂಪು ಪೆನ್ಸಿಲ್ ಮುಂದಿನ ಸಾಲಿಗೆ ಇಳಿಯಿತು.

‘ಸೇತುವೆಗೆ ಹನ್ನೆರಡು ಕಮಾನು ಅಂತ ಬರದೀಯಲ್ಲ, ಎಣಿಸೀಯೇನು?’

‘ನಕ್ಷೆಯೊಳಗ ಹನ್ನೆರಡು ಅದಾವ್ರಿ ಸರ್.’

‘ನಕ್ಷೆ ಮ್ಯಾಲ ಗಾಡಿ ಓಡಿಸ್ತಾರೇನು? ಹೋಗಿ ಎಣಿಸಿ ಬಾ.’

ಉರಿ ಬಿಸಿಲಲ್ಲಿ ಒಂದು ದಿನದ ದಾರಿ ಹೋಗಿ ಎಣಿಸಿದೆ. ಹನ್ನೊಂದು ಇದ್ದವು. ಕಟ್ಟುವಾಗ ಒಂದನ್ನು ಕೈಬಿಟ್ಟಿದ್ದರು, ನಕ್ಷೆಯನ್ನು ಯಾರೂ ತಿದ್ದಿರಲಿಲ್ಲ. ತಿರುಗಿ ಬಂದಾಗ ಅವರು ಬೈಯಲಿಲ್ಲ, ನಗಲೂ ಇಲ್ಲ. ‘ನೋಡಿದ್ದನ್ನ ನೋಡೇನಿ ಅಂತ ಬರಿ. ನೋಡದ್ದನ್ನ ನೋಡಿಲ್ಲ ಅಂತ ಬರಿ. ನಡುವ ಮೂರನೇದ್ದು ಒಂದು ಐತಿ ಅಂತ ತಿಳೀಬ್ಯಾಡ’ ಅಂದರು. ಆ ಮಾತು ತಲೆಯಲ್ಲಿ ಅಚ್ಚೊತ್ತಿದೆ ಎಂದು ನಾನು ಇಪ್ಪತ್ತು ವರ್ಷ ಅಂದುಕೊಂಡಿದ್ದೆ.

ಈಗ ಸುಜಾತಾಗೆ ಹೇಳುತ್ತ ಅರ್ಧಕ್ಕೇ ನಿಲ್ಲಿಸಿದ ಸಂಗತಿಗೆ ಬರುತ್ತೇನೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಅಣ್ಣಿಗೇರಿ ಸೀಮೆಯಲ್ಲಿ ಹೊಸದೊಂದು ಹಳಿಯ ಕೆಲಸ ಮುಗಿದು ನನ್ನ ಪರೀಕ್ಷೆಗೆ ಬಂತು. ನನ್ನದೇ ನೆಲ, ಉಬ್ಬಿಹೋದೆ. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿಯವರಿಗೆ ಗೊತ್ತಾಗುತ್ತದೆ.

ನಮ್ಮ ಎರೆಮಣ್ಣು ಇಂಜಿನಿಯರರಿಗೆ ದೊಡ್ಡ ತಲೆನೋವು. ಬೇಸಿಗೆಯಲ್ಲಿ ತೋಳು ಇಳಿಯುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಹಿಟ್ಟು ನಾದಿದ ಹಾಗೆ ಉಬ್ಬುತ್ತದೆ. ಅಲ್ಲೊಂದು ತಿರುವನ್ನು ನೇರ ಮಾಡಲು ಹೊಸ ಹಳಿಯನ್ನು ಊರ ಪಕ್ಕದ ಗರಸಿನ ದಿಬ್ಬದ ಮೇಲೆ ಹಾಯಿಸಿದ್ದರು. ಇಡೀ ಸೀಮೆಯಲ್ಲಿ ಉಬ್ಬದ, ಬಿರಿಯದ, ಗಟ್ಟಿ ಕಲ್ಲುಮಣ್ಣಿನ ನೆಲ ಅದೊಂದೇ. ನಾನೂ ನಕ್ಷೆ ನೋಡಿ ಭೇಷ್ ಅಂದಿದ್ದೆ. ದಿಬ್ಬದಲ್ಲಿ ಆರು ಕಡೆ ಆಳಕ್ಕೆ ಕೊರೆದು ನೋಡಿದ ಕಾಗದ ಇತ್ತು. ಹಳಿಯಡಿ ಹಾಸುವ ಖಡಿಕಲ್ಲು ತುಂಬಿದ ಗಾಡಿಗಳು ನಿಧಾನವಾಗಿ ಎಷ್ಟೋ ಸಲ ಓಡಾಡಿದ್ದವು. ನಾನು ಹಳಿ ನೋಡಿ ಒಪ್ಪಿದರೆ ಮರುದಿನ ಹನ್ನೊಂದು ಗಂಟೆಗೆ ವೇಗದ ಪರೀಕ್ಷೆ. ಪೂರ್ತಿ ವೇಗದ ಗಾಡಿ, ಅದರಲ್ಲಿ ನಾನು, ಡ್ರೈವರು, ಮೂವತ್ತು ಮಂದಿ ನೌಕರರು.

ಟ್ರಾಲಿಯಲ್ಲಿ ಕೂತು ಹಳಿ ನೋಡುತ್ತ ಆ ದಿಬ್ಬಕ್ಕೆ ಬಂದಾಗ ಹಳಿಯ ಪಕ್ಕದಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಹೆಸರು ಗಂಗವ್ವ ಎಂದು ಆಮೇಲೆ ತಿಳಿಯಿತು. ಎಪ್ಪತ್ತೈದರ ಮೇಲಾಗಿತ್ತು, ಬೆನ್ನು ಮಾತ್ರ ನೆಟ್ಟಗೆ.

‘ಸಾಹೇಬ್ರ, ನಮ್ಮ ಹಗೇವು ಇಲ್ಲೇ ಅದಾವ್ರಿ. ಅದರ ಮ್ಯಾಲ ರೈಲು ಬಿಡ್ತೀರೇನ್ರಿ?’

ಕೆಲಸದ ಉಸ್ತುವಾರಿಯ ಇಂಜಿನಿಯರು ನನ್ನ ಪಕ್ಕದಲ್ಲಿದ್ದರು. ‘ಪರಿಹಾರದ ಕೇಸ್ ಸರ್, ದಿನಾ ಬರ್ತಾಳ’ ಎಂದು ಮೆಲ್ಲಗೆ ಹೇಳಿದರು. ಮುದುಕಿಯ ಕಿವಿ ಚುರುಕಿತ್ತು.

‘ನಿಮ್ಮ ರೊಕ್ಕ ಯಾರಿಗ ಬೇಕಾಗೇತ್ರಿ? ಅಳತಿಯವ್ರಿಗೆ ಹೇಳ್ದೆ, ಆಫೀಸಿಗ್ಹೋಗಿ ಹೇಳ್ದೆ. ಹಗೇವಿಗೆ ಉತಾರ ಐತೇನು ಅಂತ ಕೇಳಿದ್ರು. ಹಗೇವಿಗೆ ಎಲ್ಲಿ ಉತಾರ ಇರ್ತೈತ್ರಿ?’

ಉತಾರ ಅಂದರೆ ಜಮೀನಿನ ಪಹಣಿ ಕಾಗದ. ಹಗೇವು ಅಂದರೇನು ಎಂದೂ ಈಗಿನವರಿಗೆ ಹೇಳಬೇಕು. ಜೋಳ ಕಾಪಿಡಲು ತೋಡುತ್ತಿದ್ದ ನೆಲಗುಳಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಮಾತ್ರ ಒಂದು ಖೋಲಿಯಷ್ಟು. ಗೋಡೆಗೆ ಕಣಿಕೆ, ಅಂದರೆ ಜೋಳದ ಒಣ ದಂಟು ಕೊಟ್ಟು, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ ಮೇಲೆ ಮಣ್ಣೆಳೆದರೆ ವರ್ಷಗಟ್ಟಲೆ ಕೆಡುವುದಿಲ್ಲ. ತೆರೆದ ಕೂಡಲೇ ಮನುಷ್ಯ ಇಳಿಯುವಂತಿಲ್ಲ, ಒಳಗೆ ಕೆಟ್ಟ ಗಾಳಿ ನಿಂತಿರುತ್ತದೆ. ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಾರೆ. ಕಂದೀಲು ಆರಿದರೆ ಆ ದಿನ ಇಳಿಯುವುದಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ನಮ್ಮ ಮನೆಯ ಅಂಗಳದಲ್ಲೇ ಒಂದು ಹಗೇವು ಇತ್ತು, ನಾನು ಸಣ್ಣವನಿದ್ದಾಗ ಅಜ್ಜ ಅದಕ್ಕೆ ಬೂದಿ, ಕಲ್ಲು, ಮಣ್ಣು ತುಂಬಿಸಿ ಮುಚ್ಚಿದ್ದ.

ಹಾಗಾಗಿ ದೊಡ್ಡ ತಿಳಿವಳಿಕಸ್ತನಂತೆ ಹೇಳಿದೆ: ‘ಯವ್ವಾ, ನಾನೂ ಇದ ಸೀಮಿಯಂವ. ಹಗೇವು ನನಗೇನು ಹೊಸದಲ್ಲ. ಅವೆಲ್ಲಾ ಎಂದೋ ತುಂಬಿ ಹೋಗ್ಯಾವ.’

ಅವಳು ನನ್ನ ಮುಖ ನೋಡಿದಳು, ನನ್ನ ಬೂಟು ನೋಡಿದಳು. ‘ನೋಡೀರೇನ್ರಿ?’ ಅಂದಳು.

ನಾನು ಟ್ರಾಲಿ ಮುಂದಕ್ಕೆ ದಬ್ಬಿಸಿದೆ. ಮರುದಿನದ ವೇಗ ಪರೀಕ್ಷೆಗೆ ಒಪ್ಪಿಗೆ ಕೊಟ್ಟು ಸಂಜೆಯೊಳಗೆ ಸಂದೇಶವನ್ನೂ ಕಳಿಸಿದೆ.

ಇನ್ನೂ ಬೆಳಕಿರುವಾಗಲೇ ಐಬಿ ಬಂಗಲೆಯ ವರಾಂಡದಲ್ಲಿ ಕೂತು ಟಿಪ್ಪಣಿ ಬರೆಯಲು ಶುರುಮಾಡಿದೆ. ‘ದಿಬ್ಬದಲ್ಲಿದ್ದ ಹಳೆಯ ಹಗೇವುಗಳು ತುಂಬಿಹೋಗಿವೆ’ ಎಂದು ಬರೆದೆ. ಮುಂದಿನ ಸಾಲಿಗೆ ಪೆನ್ನು ಹೋಗಲಿಲ್ಲ. ಬರೆದ ಸಾಲಿನ ಕೆಳಗೆ ಕುಲಕರ್ಣಿ ಸಾಹೇಬರ ಕೆಂಪು ಪೆನ್ಸಿಲ್ಲಿನ ಗೆರೆ ಎದ್ದು ಕಂಡ ಹಾಗಾಯಿತು. ಯಾರು ತುಂಬಿದರು? ನಮ್ಮ ಅಜ್ಜ ಹಗೇವು ತುಂಬಿಸಿದ್ದು ಅಂಗಳದಲ್ಲಿ ಮಕ್ಕಳು ಆಡುತ್ತಾರೆ ಎಂದು. ಊರ ಹೊರಗಿನ ದಿಬ್ಬಕ್ಕೆ ಬಂಡಿಗಟ್ಟಲೆ ಮಣ್ಣು ಯಾರು ಹೊರುತ್ತಾರೆ? ಕಲ್ಲು ಮುಚ್ಚಿ, ಮರೆತು, ಎದ್ದು ಹೋಗಿರುತ್ತಾರೆ.

ಈ ತಪ್ಪಿನ ಚಂದ ನೋಡಿ. ನನ್ನ ಜಾಗದಲ್ಲಿ ದೂರದ ರಾಜ್ಯದ ಅಧಿಕಾರಿ ಇದ್ದಿದ್ದರೆ ‘ಹಗೇವು ಅಂದರೇನಮ್ಮ?’ ಎಂದು ಕೇಳುತ್ತಿದ್ದ. ಅವಳು ವಿವರಿಸುತ್ತಿದ್ದಳು. ನೆಲದಡಿ ಖೋಲಿಯಷ್ಟು ಗುಳಿ ಅಂದ ಕೂಡಲೇ ಅವನು ಎದೆ ಒಡೆದುಕೊಂಡು ಟ್ರಾಲಿಯಿಂದ ಇಳಿಯುತ್ತಿದ್ದ. ನನಗೆ ಗೊತ್ತಿತ್ತು, ಅದಕ್ಕೇ ನಾನು ಕೇಳಲಿಲ್ಲ. ಈ ಸೀಮೆಯವನಾಗಿ ಹುಟ್ಟಿದ್ದಕ್ಕೇ ಈ ಸೀಮೆಯ ಜನರ ಪ್ರಾಣಕ್ಕೆ ಕುತ್ತು ತರುವವನಿದ್ದೆ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಇಂಜಿನಿಯರಿಗೆ ಫೋನು ಮಾಡಿದೆ. ‘ಸರ್, ಎಲ್ಲಾ ತಯಾರಿ ಆಗ್ಯಾದ. ಒಬ್ಬಾಕಿ ಮುದುಕಿ ಮಾತಿಗೆ...’ ಎಂದು ರಾಗ ಎಳೆದರು. ‘ಮುಂಜಾನೆ ಆರಕ್ಕ ನಾನು ದಿಬ್ಬದ ಮ್ಯಾಲ ಇರ್ತೀನಿ, ಗ್ಯಾಂಗಿನವರನ್ನ ಕರಕೊಂಡು ಬರ್ರಿ’ ಅಂದೆ.

ಬೆಳಿಗ್ಗೆ ಗಂಗವ್ವನ ಮನೆ ಹುಡುಕಿಕೊಂಡು ಹೋದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ‘ಯವ್ವಾ, ನಿನ್ನೆ ನೀ ಕೇಳಿದ್ದಕ್ಕ ಉತ್ತರ ಕೊಡಾಕ ಬಂದೇನಿ. ನಾ ನೋಡಿಲ್ಲ. ತೋರಸ್ತೀ ಏನು?’ ಅಂದೆ. ಅವಳು ಹೆಂಚಿನ ಮೇಲಿನ ರೊಟ್ಟಿ ತೆಗೆದಿಟ್ಟು, ಸೆರಗಿಗೆ ಒಲೆಯ ಬೂದಿ ಕಟ್ಟಿಕೊಂಡು, ಮೂಲೆಯಲ್ಲಿದ್ದ ಒನಕೆ ಹೆಗಲಿಗಿಟ್ಟು ಹೊರಟಳು.

ದಿಬ್ಬದ ಮೇಲೆ ಕಡಿದ ಬೇವಿನ ಗಿಡದ ಬೊಡ್ಡೆ ಇತ್ತು. ಅಲ್ಲಿಂದ ಹೆಜ್ಜೆ ಎಣಿಸುತ್ತ ಹಳಿಯ ಅಂಚಿಗೆ ಬಂದಳು. ಒನಕೆಯನ್ನು ನೆಟ್ಟಗೆ ಹಿಡಿದು ನೆಲಕ್ಕೆ ಕುಟ್ಟಿದಳು. ‘ಇದು ಗಟ್ಟಿ.’ ಎರಡು ಹೆಜ್ಜೆ ಇಟ್ಟು ಮತ್ತೆ ಕುಟ್ಟಿದಳು. ‘ಇದೂ ಗಟ್ಟಿ.’ ಮತ್ತೊಂದು ಕಡೆ ಕುಟ್ಟಿ ನಿಂತಳು. ‘ಇದು ಖಾಲಿ ಐತಿ. ಕೇಳಿಸ್ತೇನ್ರಿ?’

ನನಗೆ ಕೇಳಿಸಲಿಲ್ಲ.

‘ಬೂಟು ಕಳೀರಿ. ಇದು ಬರೇ ಕಿವಿಗೆ ಕೇಳೂದಲ್ಲ.’

ಬೂಟು, ಕಾಲುಚೀಲ ಕಳಚಿ ಬರಿಗಾಲಲ್ಲಿ ನಿಂತೆ. ಅವಳು ಕುಟ್ಟಿದಳು. ನನ್ನ ಅಂಗಾಲಿನಡಿ ನೆಲ ಸಣ್ಣಗೆ ನಡುಗಿ, ಒಳಗೆಲ್ಲೋ ದೂರದಲ್ಲಿ ಬಾಗಿಲು ಹಾಕಿದಂಥ ದನಿ ಬಂತು. ಬೆಟ್ಟದ ಅಂಚಿನ ಆ ಸುತ್ತಿಗೆಯ ದನಿಯೂ ಜೊತೆಗೇ ಕಿವಿಗೆ ಬಂತು. ಎಲ್ಲಿಯ ಜಗತ್ ಸಿಂಗ್, ಎಲ್ಲಿಯ ಗಂಗವ್ವ! ಇಬ್ಬರೂ ಒಂದೇ ಶಾಲೆಯಲ್ಲಿ ಕಲಿತವರು, ನಾನು ಇಬ್ಬರ ಹತ್ತಿರವೂ ನಪಾಸಾದವನು.

ಖಾಲಿ ಇದ್ದಲ್ಲೆಲ್ಲ ಅವಳು ಸೆರಗಿನ ಬೂದಿಯಿಂದ ದುಂಡಗೆ ಗೆರೆ ಎಳೆದಳು. ಏಳು ಹಗೇವು. ಅವುಗಳಲ್ಲಿ ನಾಲ್ಕರ ಅರ್ಧ ಭಾಗ ಹಳಿಯ ಖಡಿಯ ಕೆಳಗೆ ಹೋಗಿತ್ತು. ಇಂಜಿನಿಯರು ನಕ್ಷೆ ಬಿಚ್ಚಿ ಕೊರೆದ ಆರು ಜಾಗಗಳನ್ನು ಗುರುತು ಹಿಡಿದರು. ಆರೂ ಆ ಬೂದಿಯ ಗೆರೆಗಳ ನಡುವೆ ನುಸುಳಿ ಹೋಗಿದ್ದವು. ಒಂದಂತೂ ಗೆರೆಯಿಂದ ಒಂದು ಮೊಳ ದೂರ. ಅವರ ಮುಖದ ಬಣ್ಣವೇ ಹೋಯಿತು.

ಗ್ಯಾಂಗಿನವರು ಮೊದಲು ಹಳಿಯಿಂದ ದೂರದ ಹಗೇವಿನ ಬಾಯಿ ಅಗೆದರು. ಹಾಸುಗಲ್ಲು ಸರಿಸಿದಾಗ ಒಳಗಿನಿಂದ ತಣ್ಣನೆಯ ಹಳೇ ವಾಸನೆ ಬಂತು. ಒಬ್ಬ ಬಗ್ಗಲು ಹೋದ. ಗಂಗವ್ವ ಅವನ ತೋಳು ಹಿಡಿದು ಜಗ್ಗಿದಳು. ‘ಲೇ, ಹಿಂದಕ್ಕ ಸರಿ! ಮೊದಲ ಕಂದೀಲ ತರ್ರಿ.’ ಅವಳ ಮನೆಯಿಂದಲೇ ಕಂದೀಲು ತರಿಸಿ, ಹಚ್ಚಿ, ಹಗ್ಗ ಕಟ್ಟಿ ಇಳಿಸಿದೆವು. ಅರ್ಧ ದಾರಿಗೆ ಉರಿ ಸಣ್ಣದಾಯಿತು. ಇನ್ನೊಂದು ಮೊಳ ಇಳಿಸುವಷ್ಟರಲ್ಲಿ ಆರಿಹೋಯಿತು.

ಗಂಗವ್ವ ಹಗ್ಗವನ್ನು ನೋಡುತ್ತಲೇ ಹೇಳಿದಳು.

‘ನಮ್ಮ ಮನ್ಯಾವ್ರು ಇದರಾಗ ಹ್ವಾದ್ರು. ನಾದಿನಿ ಲಗ್ನ ಇತ್ತು, ಜ್ವಾಳ ತೆಗೀಬೇಕಾಗಿತ್ತು, ಗಡಿಬಿಡಿ. ಕಂದೀಲ ತರ್ತೀನಿ ತಡೀರಿ ಅಂದ್ನಿ. ನನಗ ಗೊತ್ತಿಲ್ಲೇನು, ದಿನಾ ಇಳೀತೀನಿ ಅಂದ್ರು. ಇಳದ್ರು.’

ಆಮೇಲೆ ನನ್ನ ಕಡೆ ತಿರುಗಿದಳು. ‘ಒಬ್ಬರನ್ನ ತಗೊಂಡೈತಿ ತಮ್ಮಾ. ಗಾಡಿ ತುಂಬ ಮಂದಿನ್ನ ಕೊಡೂದು ಬ್ಯಾಡ ಅಂತ ಬಂದಿದ್ನಿ.’ ಅಲ್ಲಿಯವರೆಗೆ ನಾನು ಅವಳಿಗೆ ಸಾಹೇಬನಾಗಿದ್ದೆ.

ಹಳಿಯ ಅಂಚಿನ ಹಗೇವನ್ನು ತೆರೆದು, ಗಾಳಿಯಾಡಲು ಬಿಟ್ಟು, ಬ್ಯಾಟರಿ ಬೆಳಕು ಹಾಕಿ ನೋಡಿದೆವು. ಒಳಗೆ ನಾಲ್ಕು ಜನ ನಿಲ್ಲುವಷ್ಟು ಜಾಗ. ಗೋಡೆಗೆ ಕಪ್ಪಗಾದ ಕಣಿಕೆ ಇನ್ನೂ ಅಂಟಿಕೊಂಡಿತ್ತು. ಎಷ್ಟು ನುಣುಪಾಗಿ, ಎಷ್ಟು ದುಂಡಗೆ ತೋಡಿದ್ದರು! ಅಳತೆಪಟ್ಟಿ ಇಲ್ಲದ ಕೈಗಳು ಮಾಡಿದ ಆ ಗುಂಡು ಗೋಡೆಯನ್ನು ನೋಡಿ ಒಂದು ಕ್ಷಣ ನಾನು ಯಾಕೆ ಬಂದಿದ್ದೇನೆ ಎಂಬುದನ್ನೇ ಮರೆತೆ. ಇಡೀ ಎರೆಸೀಮೆಯಲ್ಲಿ ಇದೊಂದೇ ಗಟ್ಟಿ ನೆಲ ಎಂದು ನಮಗಿಂತ ಮೊದಲೇ ಅವರಿಗೆ ಗೊತ್ತಿತ್ತು. ಅದಕ್ಕೇ ಅನ್ನವನ್ನು ಇಲ್ಲಿಟ್ಟರು, ನಾವು ಅದಕ್ಕೇ ಹಳಿಯನ್ನು ಇಲ್ಲಿಟ್ಟೆವು.

ಆಮೇಲೆ ಬೆಳಕು ಕೆಳಗೆ ಹೋಯಿತು. ತಳದ ಹಳೆಯ ಬೂದುಮಣ್ಣಿನ ಮೇಲೆ ಕೆಂಪು ಗರಸಿನ ಒಂದು ಗುಡ್ಡೆ ಬಿದ್ದಿತ್ತು. ಹೊಸ ಮಣ್ಣು. ಖಡಿ ಗಾಡಿಗಳು ಓಡಾಡಿದ ಹಾಗೆಲ್ಲ ಹಗೇವಿನ ಚಾವಣಿ ಪದರು ಪದರಾಗಿ ಉದುರಿತ್ತು. ಹಳಿಯ ಕೆಳಗೆ ಉಳಿದ ನೆಲದ ದಪ್ಪ ನನ್ನ ಮೊಳಕ್ಕಿಂತ ಕಡಿಮೆ. ನಾನು ಅಲ್ಲೇ ಖಡಿಯ ಮೇಲೆ ಕೂತುಬಿಟ್ಟೆ. ಗಡಿಯಾರದಲ್ಲಿ ಒಂಬತ್ತೂಕಾಲು ಆಗಿತ್ತು.

ಇಂಜಿನಿಯರಿಗೆ ಒಂದು ಒಳ್ಳೆಯ ಮಾತು ಸಲ್ಲಬೇಕು. ನಾನು ಬಾಯಿ ಬಿಡುವ ಮೊದಲೇ ಅವರು ಫೋನು ತೆಗೆದು ‘ಟ್ರಯಲ್ ನಿಲ್ಲಿಸ್ರಿ, ತಪ್ಪು ನಂದು’ ಅಂದರು. ತಪ್ಪು ನನ್ನದೂ ಇತ್ತು. ‘ನಿನ್ನೆ ನಾನು ಕೊಟ್ಟ ಒಪ್ಪಿಗೆ ತಪ್ಪು. ಹಗೇವುಗಳನ್ನು ನಾನು ನೋಡಿರಲಿಲ್ಲ’ ಎಂದು ಬರೆದು ಸಹಿ ಮಾಡಿದೆ. ಮೇಲಿನವರು ಫೋನಿನಲ್ಲಿ ಕೂಗಾಡಿದರು, ಸಮಾರಂಭಕ್ಕೆ ಹಾಕಿಸಿದ ಪೆಂಡಾಲಿನ ಬಗ್ಗೆಯೂ ಕೂಗಾಡಿದರು. ವಿವರಣೆ ಕೇಳಿ ಪತ್ರ ಬಂತು, ಕೊಟ್ಟೆ. ನನ್ನ ಇಡೀ ನೌಕರಿಯಲ್ಲಿ ತಿದ್ದಲು ಕುಲಕರ್ಣಿ ಸಾಹೇಬರಿಗೂ ಏನೂ ಸಿಗದಂಥ ವರದಿ ಅದೊಂದೇ.

ಏಳೂ ಹಗೇವಿಗೆ ಕಲ್ಲು, ಕಾಂಕ್ರೀಟು ತುಂಬಿಸಲು ಒಂದು ಮಳೆಗಾಲ ಹೋಯಿತು. ಗಂಗವ್ವ ದಿನವೂ ಬಂದು ಎಣಿಸುತ್ತಿದ್ದಳು. ಗಂಡ ಹೋದ ಹಗೇವನ್ನು ಮುಚ್ಚುವ ದಿನ ಉಡಿಯಿಂದ ಒಂದು ಹಿಡಿ ಜೋಳ ತೆಗೆದು ಒಳಗೆ ಹಾಕಿದಳು. ಅತ್ತಳೋ ಇಲ್ಲವೋ ನಾನು ನೋಡಿಲ್ಲ. ತಲೆ ತಗ್ಗಿಸಿದ್ದೆ.

ಹಳೇ ಊರುಗಳ ಹತ್ತಿರ ಹಳಿ ಹಾಕುವಾಗ ಅಲ್ಲಿನ ಹಿರಿಯರನ್ನು ನೆಲದ ಮೇಲೆ ನಡೆಸಿ ಕೇಳಬೇಕು ಎಂದು ಸುತ್ತೋಲೆಯಲ್ಲಿ ಒಂದು ಸಾಲು ಸೇರಿಸಿದೆ. ಈಗ ನೆಲದೊಳಗೆ ನೋಡುವ ಯಂತ್ರಗಳು ಬಂದಿವೆ, ಒಳ್ಳೆಯವೇ, ನಾನು ಅವನ್ನು ಹಳಿಯುವವನಲ್ಲ. ಆದರೆ ಯಂತ್ರ ಬಂದ ಮೇಲೆ ಯಾರೋ ಆ ಸಾಲನ್ನು ತೆಗೆದು ಹಾಕಿದರು. ಅದಕ್ಕೇ ಸುಜಾತಾ, ಅದನ್ನು ಇಲ್ಲಿ ಮತ್ತೆ ಬರೆದಿದ್ದೇನೆ. ಬೂಟು ಕಳಚಲು ನಾಚಬೇಡ. ಗೊತ್ತಿದೆ ಅನಿಸಿದ ಕಡೆ ಎರಡು ಸಲ ಕಳಚು.

ಮಳೆಗಾಲ ಮುಗಿದ ಮೇಲೆ ವೇಗದ ಪರೀಕ್ಷೆ ನಡೆಯಿತು. ಹನ್ನೊಂದು ಗಂಟೆ, ಎರಡೂ ಬದಿಗೆ ಆಳೆತ್ತರ ಬಿಳಿಜೋಳ. ನಾನು ಇಂಜಿನ್ನಿನಲ್ಲಿ ಹುಬ್ಬಳ್ಳಿಯ ಡ್ರೈವರನ ಪಕ್ಕ ಕೂತಿದ್ದೆ. ವೇಗ ಏರುತ್ತಿತ್ತು. ತಿರುವು ನೇರವಾಗಿದ್ದರಿಂದ ದಿಬ್ಬ ಬಹಳ ದೂರದಿಂದಲೇ ಕಂಡಿತು.

ಡ್ರೈವರು ಕಣ್ಣು ಕಿರಿದು ಮಾಡಿದ. ‘ಸರ್, ಮುಂದ ಯಾರೋ ಒಬ್ಬಾಕಿ ಮುದುಕಿ ಹಳಿ ಬಾಜೂಕ ನಿಂತಾಳ್ರಿ. ಕೈಯಾಗ ಕಂದೀಲ ಐತಿ. ಹಾಡಹಗಲ ಯಾಕ ಹಿಡದಾಳೋ! ಬ್ರೇಕ್ ಹಾಕ್ಲೇನ್ರಿ?’

‘ಕಂದೀಲ ಉರಿಯಾಕತ್ತೈತೇನು ನೋಡ್ರಿ’ ಅಂದೆ.

‘ಹೌದ್ರಿ ಸರ್, ಉರಿಯಾಕತ್ತೈತಿ.’

‘ಹಂಗಾರ ನಡೀರಿ.’